ಅಪ್ಪನ ಕುರ್ಚಿಗೆ ಬಂದು ಕೂತ ಮಗ

ಅರವತ್ತು ದಾಟಿದ ಮಗನೊಬ್ಬ ಎಂಬತ್ತಾರು ವರ್ಷದ ಅಪ್ಪನ ಹತ್ತಿರ ದುಡ್ಡು ಕೇಳಲು ಬಂದಿದ್ದಾನೆ. ಅಪ್ಪ ಪುಸ್ತಕಗಳ ಕೋಣೆಯಲ್ಲಿ ತತ್ತ್ವಜ್ಞಾನಿ ಕೀರ್ಕೆಗಾರ್ಡ್‌ನನ್ನು ಓದುತ್ತಾ ಕೂತಿದ್ದಾನೆ. ಮಗನಿಗೆ ಹಳೆಯ ಇಟಾಲಿಯನ್ ಚೆಲ್ಲೊ ಒಂದನ್ನು ಕೊಳ್ಳಬೇಕಿದೆ. ಅದೂ ತನಗಲ್ಲ, ಮಗಳಿಗೆ. ಮುಂದೆ ಹೇಗೂ ತನಗೆ ಬರುವ ಪಾಲಿದೆಯಲ್ಲ, ಅದರಲ್ಲೇ ಮುಂಗಡ ಅಂದುಕೊಂಡು ಕೊಡಿ ಎಂದು ಕೇಳುತ್ತಾನೆ. ಅಪ್ಪ ಒಂದೇ ಮಾತಿಗೆ ಆಗುವುದಿಲ್ಲ ಎಂದು ಕಳಿಸಬಹುದಿತ್ತು. ಕಳಿಸುವುದಿಲ್ಲ. ಆತುರವಿಲ್ಲದೆ, ದನಿ ಏರಿಸದೆ, ಎಷ್ಟೋ ವರ್ಷಗಳ ಹಳೆಯ ಲೆಕ್ಕ ತೆಗೆಯುತ್ತಾನೆ. ಪುಣ್ಯಕ್ಕೆ ತಾಯಿಯನ್ನೇ ಹೋಲುವ ಆ ಮೊಮ್ಮಗಳು ಇಲ್ಲದೆ ಹೋಗಿದ್ದರೆ ನೀನು ನನ್ನ ಪಾಲಿಗೆ ಇದ್ದೂ ಇಲ್ಲದ ಹಾಗೆ ಎಂಬರ್ಥದ ಮಾತಾಡುತ್ತಾನೆ. ಮಗ ಎಲ್ಲವನ್ನೂ ನುಂಗಿಕೊಳ್ಳುತ್ತಾನೆ. ಕೈಯೊಡ್ಡಿ ಬಂದವನು ಇನ್ನೇನು ಮಾಡಿಯಾನು?

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ಕೊನೆಯ ಚಿತ್ರ ‘ಸರಬಾಂಡ್’ನ ದೃಶ್ಯವಿದು. ಚಿತ್ರೀಕರಣ ನಡೆದದ್ದು 2002ರಲ್ಲಿ, ಅವರ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ. 2003ರ ಡಿಸೆಂಬರ್ 1ರಂದು ಸ್ವೀಡನ್ನಿನ ಸಾರ್ವಜನಿಕ ಟಿವಿಯಲ್ಲಿ ಅದು ಪ್ರಸಾರವಾಯಿತು. ಇಳಿವಯಸ್ಸಿನಲ್ಲಿ ದೊಡ್ಡ ಕಲಾವಿದರು ಸಾಮಾನ್ಯವಾಗಿ ಮೆತ್ತಗಾಗುತ್ತಾರೆ, ಹಳೆಯ ಜಗಳಗಳನ್ನು ಮರೆತು ಎಲ್ಲರನ್ನೂ ಹರಸುತ್ತಾರೆ. ಬರ್ಗ್‌ಮನ್ ಆ ಕೆಲಸವನ್ನೂ ಮಾಡಿಬಿಟ್ಟಿದ್ದರು. 1982ರ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ತನ್ನ ಕೊನೆಯ ಸಿನಿಮಾ ಎಂದು ಸಾರಿದರು. ಹಬ್ಬದೂಟ, ದೀಪ, ಅಜ್ಜಿ, ನಾಟಕ ಕಂಪನಿ ಎಲ್ಲವೂ ಇರುವ ತುಂಬುಮನೆಯ ಚಿತ್ರವದು. ನಾಲ್ಕು ಆಸ್ಕರ್ ಬಂದವು. ಅಲ್ಲಿಗೆ ಕೈತೊಳೆದುಕೊಂಡು ರಂಗಭೂಮಿ, ಟಿವಿ, ಬರವಣಿಗೆ ಎಂದು ಇದ್ದವರು ಇಪ್ಪತ್ತು ವರ್ಷಗಳ ಮೇಲೆ ಇಷ್ಟು ಕಹಿಯಾದ ಚಿತ್ರವೊಂದನ್ನು ಏಕೆ ಮಾಡಿದರು?

ಕಥೆ ಸರಳ. ವಕೀಲೆ ಮರಿಯಾನ್ ಮೂವತ್ತು ವರ್ಷಗಳಿಂದ ಮುಖ ನೋಡದ ಮಾಜಿ ಗಂಡ ಯೋಹಾನ್‌ನನ್ನು ಕಾಣಲು ಅವನ ಕಾಡಿನ ಮನೆಗೆ ಬರುತ್ತಾಳೆ. ಏಕೆ ಬಂದೆ ಎಂದರೆ ಅವಳಿಗೇ ಸರಿಯಾದ ಉತ್ತರವಿಲ್ಲ. ಯೋಹಾನ್ ಮುದುಕನಾಗಿದ್ದಾನೆ, ಬಂಧುವೊಬ್ಬರ ಆಸ್ತಿ ಬಂದು ಶ್ರೀಮಂತನೂ ಆಗಿದ್ದಾನೆ. ಅದೇ ಜಾಗದ ಇನ್ನೊಂದು ಸಣ್ಣ ಮನೆಯಲ್ಲಿ ಅವನ ಬೇರೊಂದು ಮದುವೆಯ ಮಗ ಹೆನ್ರಿಕ್ ಮತ್ತು ಹತ್ತೊಂಬತ್ತರ ಮೊಮ್ಮಗಳು ಕಾರಿನ್ ಇದ್ದಾರೆ. ಹೆನ್ರಿಕ್ ಸಂಗೀತಗಾರ, ಮಗಳಿಗೆ ಚೆಲ್ಲೊ ಕಲಿಸುತ್ತಿದ್ದಾನೆ. ಅವನ ಹೆಂಡತಿ ಆನ್ನಾ ತೀರಿಕೊಂಡು ಎರಡು ವರ್ಷ. ಅಪ್ಪನೂ ಮಗನೂ ಇಬ್ಬರೂ ಆರಾಧಿಸುತ್ತಿದ್ದ ಏಕೈಕ ವ್ಯಕ್ತಿ ಆಕೆ.

ಮರಿಯಾನ್ ಮತ್ತು ಯೋಹಾನ್ ಹೊಸಬರಲ್ಲ. 1973ರಲ್ಲಿ ಆರು ಕಂತುಗಳಲ್ಲಿ ಬಂದ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ ಟಿವಿ ಧಾರಾವಾಹಿಯ ದಂಪತಿ ಇವರೇ. ಆಗ ನಟಿಸಿದ್ದ ಲಿವ್ ಉಲ್ಮನ್ ಮತ್ತು ಎರ್ಲಾಂಡ್ ಯೋಸೆಫ್ಸನ್ ಇಲ್ಲಿಯೂ ಇದ್ದಾರೆ. ಆದರೆ ಇದನ್ನು ಎರಡನೆಯ ಭಾಗ ಎಂದು ನೋಡಲು ಕೂತವರಿಗೆ ಲೆಕ್ಕ ತಪ್ಪುತ್ತದೆ. ಹಳೆಯ ಧಾರಾವಾಹಿಯಲ್ಲಿ ಅವನಿಗೆ ನಲವತ್ತೆರಡು, ಅವಳಿಗೆ ಮೂವತ್ತೈದು. ಹೊಸ ಚಿತ್ರದಲ್ಲಿ ಅವಳಿಗೆ ಅರವತ್ತಮೂರು, ಅವನಿಗೆ ಎಂಬತ್ತಾರು! ಏಳು ವರ್ಷದ ಅಂತರ ಇಪ್ಪತ್ತಮೂರಾಗಿದೆ. ಹೆಣ್ಣುಮಕ್ಕಳ ಹೆಸರುಗಳೂ ಬದಲಾಗಿವೆ. ಬರ್ಗ್‌ಮನ್ ಮರೆತರು ಎನ್ನುವಂತಿಲ್ಲ. ಯೋಹಾನ್‌ನನ್ನು ಬೇಕೆಂದೇ ತಮ್ಮ ವಯಸ್ಸಿನ ಪಕ್ಕಕ್ಕೆ ಎಳೆದು ತಂದಂತೆ ಕಾಣುತ್ತದೆ. ಚಿತ್ರದ ಗುಟ್ಟು ಈ ತಪ್ಪು ಲೆಕ್ಕದಲ್ಲೇ ಇದೆ.

ಬರ್ಗ್‌ಮನ್ ಚಿತ್ರಗಳ ಉದ್ದಕ್ಕೂ ಒಬ್ಬ ತಂದೆ ಕಾಡುತ್ತಾನೆ. ಅವರ ನಿಜವಾದ ತಂದೆ ಎರಿಕ್ ಬರ್ಗ್‌ಮನ್ ಲುಥೆರನ್ ಪಾದ್ರಿ, ಸ್ವೀಡನ್ನಿನ ರಾಜಮನೆತನದ ಧರ್ಮಗುರುವೂ ಆಗಿದ್ದವರು. ಮನೆಯಲ್ಲಿ ಶಿಸ್ತೆಂದರೆ ಶಿಸ್ತು. 1987ರಲ್ಲಿ ಪ್ರಕಟವಾದ ‘ಲಾತೆರ್ನಾ ಮಾಜಿಕಾ’ ಎಂಬ ಆತ್ಮಕಥೆಯಲ್ಲಿ ಬರ್ಗ್‌ಮನ್ ಆ ಶಿಕ್ಷೆಯ ಕ್ರಮವನ್ನು ವಿವರವಾಗಿ ಬರೆದಿದ್ದಾರೆ: ಮೊದಲು ತಪ್ಪೊಪ್ಪಿಗೆ, ಆಮೇಲೆ ಜಮಖಾನೆ ಬಡಿಯುವ ಕೋಲಿನಿಂದ ಏಟು, ಏಟು ಮುಗಿದ ಮೇಲೆ ಹೊಡೆದ ಅಪ್ಪನ ಕೈಗೆ ಮುತ್ತು. ಹರೆಯದಲ್ಲಿ ಅಪ್ಪನ ಮೇಲೇ ಕೈಮಾಡಿ ಮನೆ ಬಿಟ್ಟದ್ದನ್ನೂ ಬರೆದಿದ್ದಾರೆ. ಮುಂದೆ ತಂದೆ ಆಸ್ಪತ್ರೆ ಸೇರಿದಾಗ, ಹೋಗಿ ನೋಡು ಎಂದು ತಾಯಿ ಫೋನ್ ಮಾಡಿದರೆ, ಸಮಯವೂ ಇಲ್ಲ ಮನಸ್ಸೂ ಇಲ್ಲ ಎಂದರಂತೆ. ಆ ತಾಯಿ ಹಿಮ ಸುರಿಯುವ ಸಂಜೆಯಲ್ಲಿ ಮಗನ ರಂಗಮಂದಿರಕ್ಕೇ ಬಂದು ನಿಂತರು. ಸ್ವಲ್ಪ ದಿನಗಳಲ್ಲೇ ತೀರಿಕೊಂಡರು, ಅದು 1966. ಅವರ ಹೆಸರು ಕಾರಿನ್. ‘ಸರಬಾಂಡ್’ನ ಮೊಮ್ಮಗಳ ಹೆಸರೂ ಕಾರಿನ್.

ಈ ಗಾಯದಿಂದ ಅವರು ಎಷ್ಟು ಚಿತ್ರಗಳನ್ನು ತೆಗೆದರೋ! ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ನಲ್ಲಿ ಮಲತಂದೆಯಾಗಿ ಬರುವ ಬಿಷಪ್ ಹುಡುಗನನ್ನು ಶಿಕ್ಷಿಸುವ ಕ್ರಮ ಆತ್ಮಕಥೆಯ ಪುಟದಿಂದ ಎದ್ದು ಬಂದಂತಿದೆ. 1978ರ ‘ಆಟಮ್ ಸೋನಾಟಾ’ದಲ್ಲಿ ಪಿಯಾನೊ ವಾದಕಿಯಾದ ತಾಯಿಯ ಮುಂದೆ ಮಗಳು ಒಂದು ರಾತ್ರಿಯಿಡೀ ಬಾಲ್ಯದ ದೂರುಗಳನ್ನು ಸುರಿಯುತ್ತಾಳೆ. ಎರಡರಲ್ಲೂ ನಾವು ನಿಲ್ಲುವುದು ಮಕ್ಕಳ ಪಕ್ಕದಲ್ಲಿ. ನೊಂದವರು ಅವರು, ಲೆಕ್ಕ ಕೇಳುವವರೂ ಅವರೇ.

ಇವುಗಳಿಗಿಂತ ಹಿಂದಿನದು, 1957ರ ‘ವೈಲ್ಡ್ ಸ್ಟ್ರಾಬೆರೀಸ್’. ಅದನ್ನು ‘ಸರಬಾಂಡ್’ ಜೊತೆಗಿಟ್ಟು ನೋಡಿದರೆ ಬೆರಗಾಗುತ್ತದೆ. ಅಲ್ಲಿಯೂ ಎಂಬತ್ತರ ಹತ್ತಿರದ ಪ್ರೊಫೆಸರ್, ಮುದುಡಿದ ಮನಸ್ಸಿನ ಮಗ, ನಡುವೆ ಸಾಲ. ಮಗ ಅಪ್ಪನಿಂದ ಪಡೆದ ಹಣವನ್ನು ತೀರಿಸುತ್ತಿದ್ದಾನೆ; ಕೊಟ್ಟ ಮಾತು ಮಾತೇ ಎಂದು ಅಪ್ಪ ಪಟ್ಟು ಹಿಡಿದಿದ್ದಾನೆ. ಒಂದು ದಿನದ ಪ್ರಯಾಣ, ಕೆಲವು ಕನಸುಗಳು ಮುದುಕನನ್ನು ಕರಗಿಸುತ್ತವೆ. ರಾತ್ರಿ ಮಲಗುವ ಮುಂಚೆ ಮಗನನ್ನು ಕರೆದು ಸಾಲದ ಮಾತು ತೆಗೆಯುತ್ತಾನೆ, ಬಿಟ್ಟುಬಿಡೋಣ ಎಂದು ಹೇಳುವುದಕ್ಕೆ. ಮಗ ಮಾತು ಮುಗಿಸಲು ಬಿಡದೆ, ನಿಮ್ಮ ದುಡ್ಡು ನಿಮಗೆ ಬರುತ್ತದೆ ಎಂದುಬಿಡುತ್ತಾನೆ! ಆದರೂ ಚಿತ್ರ ಮುದುಕನಿಗೆ ನೆಮ್ಮದಿಯ ನಿದ್ದೆ ಕೊಡುತ್ತದೆ. ಅದನ್ನು ಮಾಡಿದಾಗ ಬರ್ಗ್‌ಮನ್‌ಗೆ ಇನ್ನೂ ನಲವತ್ತು ತುಂಬಿರಲಿಲ್ಲ. ದೂರದಿಂದ ಮುಪ್ಪನ್ನು ಊಹಿಸಿಕೊಂಡ ಮಗ, ಅಪ್ಪನಂಥವನೊಬ್ಬನನ್ನು ಕ್ಷಮಿಸಿದ್ದ. ನಿಜವಾಗಿಯೂ ಎಂಬತ್ತು ದಾಟಿ ಅಪ್ಪನ ಕುರ್ಚಿಯಲ್ಲಿ ಕೂತ ಮೇಲೆ ಆ ಔದಾರ್ಯವನ್ನು ತನಗೆ ತಾನೇ ತೋರಿಸಿಕೊಳ್ಳಲು ಅವರು ಒಪ್ಪಲಿಲ್ಲ. ಯೋಹಾನ್‌ಗೆ ಅವರು ಒಂದು ಸಬೂಬನ್ನೂ ಕೊಡುವುದಿಲ್ಲ. ಐದು ಮದುವೆಯಾಗಿ ಒಂಬತ್ತು ಮಕ್ಕಳ ತಂದೆಯಾಗಿದ್ದ, ಆ ಮಕ್ಕಳ ಬಾಲ್ಯದಲ್ಲಿ ಬಹುಪಾಲು ಕೆಲಸದಲ್ಲೇ ಮುಳುಗಿದ್ದ ಮನುಷ್ಯ ಬರೆದ ಪಾತ್ರ ಇದು. ‘ಸರಬಾಂಡ್’ ಕಹಿಯಾಗಿರುವುದು ಜಗಳದಿಂದಲ್ಲ, ಈ ಜಾಗ ಬದಲಾವಣೆಯಿಂದ.

ಹಾಗೆಂದು ಹೆನ್ರಿಕ್ ಮುಗ್ಧ ಬಲಿಪಶುವೂ ಅಲ್ಲ. ಅಪ್ಪನಿಂದ ಸಿಗದ್ದನ್ನೆಲ್ಲ ಅವನು ಮಗಳಿಂದ ವಸೂಲು ಮಾಡುತ್ತಿದ್ದಾನೆ. ಹೆಂಡತಿ ಹೋದ ಮೇಲೆ ಕಾರಿನ್ ಅವನ ಶಿಷ್ಯೆ, ಅವನ ಮನೆ, ಅವನ ಬದುಕಿನ ಊರುಗೋಲು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ; ಅಪ್ಪ-ಮಗಳ ಗಡಿ ಎಲ್ಲಿ ದಾಟಿದೆ ಎಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ನೋಡುವವರಿಗೆ ಮೈ ಮುದುಡುತ್ತದೆ. ಯಯಾತಿ ಮಗನ ಯೌವನವನ್ನು ಕೇಳಿ ಪಡೆದ. ಹೆನ್ರಿಕ್ ಕೇಳುವುದೂ ಇಲ್ಲ. ಅವನಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಓಡಿ ಬಂದ ಹುಡುಗಿ ಮರಿಯಾನ್ ಎದುರು ಮನಸ್ಸು ಬಿಚ್ಚುವ ದೃಶ್ಯದಲ್ಲಿ ಯೂಲಿಯಾ ಡುಫ್ವೆನಿಯಸ್ ಎಂಬ ಹೊಸ ನಟಿ ಅನುಭವಿಗಳ ಸಾಲಿಗೆ ಸಮನಾಗಿ ನಿಲ್ಲುತ್ತಾಳೆ. ಹೆನ್ರಿಕ್ ಆಗಿರುವ ಬೋರ್ಯೆ ಆಲ್‌ಸ್ಟೆಟ್ ಅವರ ಬಗ್ಗೆಯೂ ಹೇಳಲೇಬೇಕು: ಇಷ್ಟು ಹೇಸಿಗೆ ಹುಟ್ಟಿಸುವ ಮನುಷ್ಯನ ಮೇಲೆ ಇಷ್ಟು ಕರುಣೆ ಬರುವಂತೆ ಮಾಡುವುದು ಸಣ್ಣ ಕೆಲಸವಲ್ಲ.

ಮುನ್ನುಡಿ, ಹಿನ್ನುಡಿ ಬಿಟ್ಟರೆ ಚಿತ್ರದಲ್ಲಿ ಹತ್ತು ದೃಶ್ಯಗಳು, ಪ್ರತಿಯೊಂದರಲ್ಲೂ ಇಬ್ಬರೇ. ಮೂರನೆಯವರು ಬಂದು ಜಗಳ ಬಿಡಿಸುವ ಅವಕಾಶವೇ ಇಲ್ಲ. ಸರಬಾಂಡ್ ಎಂಬುದು ಯುರೋಪಿನ ಹಳೆಯ, ನಿಧಾನಗತಿಯ ಜೋಡಿನೃತ್ಯ; ಸಂಗೀತಕಾರ ಬಾಖ್ ಒಬ್ಬಂಟಿ ಚೆಲ್ಲೊಗೆ ಬರೆದ ಆರು ಸೂಟ್‌ಗಳಲ್ಲಿಯೂ, ಅಂದರೆ ನೃತ್ಯಲಯದ ರಚನಾಮಾಲೆಗಳಲ್ಲಿಯೂ, ಅದು ಒಂದು ಭಾಗವಾಗಿ ಬರುತ್ತದೆ. ಐದನೆಯ ಸೂಟ್‌ನ ಸರಬಾಂಡನ್ನು ಬರ್ಗ್‌ಮನ್ ಹಿಂದೆಯೇ ಬಳಸಿದ್ದರು. 1972ರ ‘ಕ್ರೈಸ್ ಅಂಡ್ ವಿಸ್ಪರ್ಸ್’ನಲ್ಲಿ ಒಬ್ಬರನ್ನೊಬ್ಬರು ಸಹಿಸದ ಇಬ್ಬರು ಅಕ್ಕತಂಗಿಯರು ಕ್ಷಣಕಾಲ ಮುಖ ಸವರುತ್ತಾ ಪಿಸುಗುಡುತ್ತಾರೆ, ಅವರ ಮಾತು ನಮಗೆ ಕೇಳಿಸದು, ಈ ಸಂಗೀತವಷ್ಟೇ ಕೇಳುತ್ತದೆ. ಅಲ್ಲಿ ಅದು ರಾಜಿಯ ರಾಗವಾಗಿತ್ತು, ಆ ರಾಜಿ ಬಾಳದಿದ್ದರೂ. ಇಲ್ಲಿ ಮಗಳು ಹೊರಟು ನಿಂತಾಗ ಅಪ್ಪ ಕೊನೆಯದಾಗಿ ಇದನ್ನು ನುಡಿಸು ಎನ್ನುತ್ತಾನೆ. ಅದೇ ಸ್ವರಗಳು ಇಲ್ಲಿ ಬೀಳ್ಕೊಡುಗೆಗೆ.

ಅವಳು ಹೊರಡುವ ಬಗೆಯೂ ಗಮನಿಸಬೇಕಾದ್ದು. ಸಾಯುವ ಮುಂಚೆ ಆನ್ನಾ ಗಂಡನಿಗೆ ಬರೆದ ಪತ್ರವೊಂದು ಕಾರಿನ್ ಕೈಗೆ ಸಿಗುತ್ತದೆ. ಮಗಳನ್ನು ಕಟ್ಟಿಹಾಕಬೇಡ ಎಂಬುದು ಅದರ ಸಾರ. ಹೆನ್ರಿಕ್ ಅದನ್ನು ಪಾಲಿಸಿರಲಿಲ್ಲ. ತಾತ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯ ದಾರಿ ತೋರಿಸುತ್ತಾನೆ. ಅದು ಮೊಮ್ಮಗಳ ಮೇಲಿನ ಪ್ರೀತಿ ಎಷ್ಟೋ, ಮಗನಿಂದ ಅವಳನ್ನು ಕಸಿದುಕೊಳ್ಳುವ ಜಿದ್ದೂ ಅಷ್ಟೇ. ಕಾರಿನ್ ಇಬ್ಬರ ಯೋಜನೆಯನ್ನೂ ಬದಿಗಿಟ್ಟು ಗೆಳತಿಯ ಜೊತೆ ಹ್ಯಾಂಬರ್ಗ್‌ಗೆ ಹೋಗುತ್ತಾಳೆ. ಏಕವಾದಕಿಯಾಗುವುದು ಅವಳಿಗೆ ಬೇಕಿಲ್ಲ; ವಾದ್ಯವೃಂದದಲ್ಲಿ, ಹತ್ತಾರು ಜನರ ನಡುವೆ ಕೂತು ನುಡಿಸಬೇಕು. ಇಡೀ ಚಿತ್ರದಲ್ಲಿ ಯಾರೂ ಯಾರನ್ನೂ ಕ್ಷಮಿಸುವುದಿಲ್ಲ. ಒಬ್ಬಳು ಎದ್ದು ಹೋಗುತ್ತಾಳೆ, ಅಷ್ಟೆ. ಅದಕ್ಕೂ ಬೆಲೆಯಿದೆ: ಹೆನ್ರಿಕ್ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿಯುತ್ತಾನೆ. ಸುದ್ದಿ ಕೇಳಿದ ಯೋಹಾನ್‌ನ ಬಾಯಿಂದ ಬರುವುದು, ಅವನಿಗೆ ಅದೂ ಸರಿಯಾಗಿ ಕೈಗೂಡಲಿಲ್ಲ ಎಂಬ ಧಾಟಿಯ ಕುಹಕ. ಅದೇ ಮುದುಕ ರಾತ್ರಿ ಭಯದಿಂದ ನಡುಗುತ್ತಾ ಮರಿಯಾನ್‌ಳ ಬಾಗಿಲಿಗೆ ಬರುತ್ತಾನೆ, ಬಟ್ಟೆ ಕಳಚಿ ಅವಳ ಪಕ್ಕ ಮಲಗುತ್ತಾನೆ. ಯೋಸೆಫ್ಸನ್ ಬರ್ಗ್‌ಮನ್‌ಗೆ ಹಲವು ದಶಕಗಳ ಗೆಳೆಯ. ಅವರಿಗೆ ಪಾರ್ಕಿನ್ಸನ್ ಇತ್ತು. ತೆರೆಯ ಮೇಲೆ ಕಾಣುವ ಆ ಕೈನಡುಕ ಪೂರ್ತಿ ಅಭಿನಯವಲ್ಲ.

ಈ ಚಿತ್ರವನ್ನು ಬರ್ಗ್‌ಮನ್ ‘ಇಂಗ್ರಿಡ್’ಗೆ ಅರ್ಪಿಸಿದ್ದಾರೆ. ಇಂಗ್ರಿಡ್ ಫಾನ್ ರೋಸೆನ್ ಅವರ ಐದನೆಯ ಹೆಂಡತಿ. 1971ರಲ್ಲಿ ಮದುವೆಯಾಗಿ 1995ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡವರು. ತೆರೆಯ ಮೇಲೆ ಆನ್ನಾಳದೆಂದು ಮತ್ತೆ ಮತ್ತೆ ತೋರಿಸುವ ಕಪ್ಪುಬಿಳುಪು ಫೋಟೊ ಅವರದೇ. ಕಥೆಯಲ್ಲಿ ಎಲ್ಲರೂ ಪ್ರೀತಿಸಿದ ಒಬ್ಬಳೇ ಒಬ್ಬಳಿಗೆ ಬರ್ಗ್‌ಮನ್ ನಟಿಯನ್ನು ಹುಡುಕಲಿಲ್ಲ.

ತಂತ್ರದ ಮಾತು ಚುಟುಕಾಗಿ. ಚಿತ್ರೀಕರಣ ಫಿಲ್ಮ್‌ನಲ್ಲಿ ಅಲ್ಲ, ಡಿಜಿಟಲ್ ವಿಡಿಯೊದಲ್ಲಿ, ಸ್ಟುಡಿಯೊ ಒಳಗೆ. ಅದನ್ನು ಫಿಲ್ಮ್‌ಗೆ ಇಳಿಸಲು ಬರ್ಗ್‌ಮನ್ ಬಿಡಲಿಲ್ಲ. ಚಿತ್ರಮಂದಿರಗಳಲ್ಲಿ ತೋರಿಸುವುದಾದರೆ ಡಿಜಿಟಲ್ ಪ್ರೊಜೆಕ್ಟರ್‌ನಲ್ಲೇ ತೋರಿಸಬೇಕು ಎಂದು ಹಟ ಹಿಡಿದರು. ಆ ಕಾಲದಲ್ಲಿ ಅಂಥ ಸೌಕರ್ಯವಿದ್ದ ಚಿತ್ರಮಂದಿರಗಳು ವಿರಳ. ಅವರ ಹಳೆಯ ಛಾಯಾಗ್ರಾಹಕ ಸ್ವೆನ್ ನ್ಯೂಕ್ವಿಸ್ಟ್ ಮೂಡಿಸುತ್ತಿದ್ದ ಬೆಳಕಿನ ಆಳ ಇಲ್ಲಿಲ್ಲ, ಆ ಕೊರತೆ ಕಣ್ಣಿಗೆ ಬೀಳುತ್ತದೆ. ಆದರೆ ಈ ಬಿಳಿಚಿದ ಸ್ಪಷ್ಟತೆಯಲ್ಲಿ ಮುಖದ ಒಂದು ಗೆರೆಯೂ ಅಡಗುವುದಿಲ್ಲ.

ಹಿನ್ನುಡಿಯಲ್ಲಿ ಮರಿಯಾನ್ ತನ್ನ ಮಗಳು ಮಾರ್ತಾಳನ್ನು ನೋಡಲು ಹೋಗುತ್ತಾಳೆ. ಮಾರ್ತಾ ಮನೋರೋಗದಿಂದ ಆರೈಕೆ ಕೇಂದ್ರದಲ್ಲಿರುವವಳು, ಯಾರನ್ನೂ ಗುರುತಿಸದವಳು. ಅವಳನ್ನು ಮುಟ್ಟಿದಾಗ, ನನ್ನ ಮಗುವನ್ನು ನಾನು ಮುಟ್ಟುತ್ತಿದ್ದೇನೆ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು ಎನ್ನುತ್ತಾಳೆ. ಈ ದೃಶ್ಯ ಬೇರೆಲ್ಲಿಂದಲೋ ತಂದು ಅಂಟಿಸಿದಂತಿದೆ ಎಂದು ಅನ್ನಿಸಬಹುದು. ಆದರೆ ಅಲ್ಲಿಯವರೆಗೆ ಎಲ್ಲರ ದೂರನ್ನೂ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ ಈ ವಿವೇಕಿ ಹೆಂಗಸಿನ ಮನೆಯಲ್ಲೂ ಒಂದು ಬಾಕಿ ಇತ್ತು ಎನ್ನುವುದು ಇಲ್ಲಿಯೇ ಗೊತ್ತಾಗುವುದು.

‘ಸರಬಾಂಡ್’ ಮುಗಿಸಿ ಬರ್ಗ್‌ಮನ್ ಬಾಲ್ಟಿಕ್ ಸಮುದ್ರದ ಫೋರೋ ದ್ವೀಪದ ಮನೆ ಸೇರಿದರು. 2007ರ ಜುಲೈ 30ರಂದು ಅಲ್ಲೇ ತೀರಿಕೊಂಡರು. ಅದೇ ವರ್ಷ, ಅವರಿಗೆ ಲಿವ್ ಉಲ್ಮನ್ ಅವರಲ್ಲಿ ಹುಟ್ಟಿದ ಮಗಳಾದ ಲೇಖಕಿ ಲಿನ್ ಉಲ್ಮನ್ ಅಪ್ಪನೊಂದಿಗಿನ ಮಾತುಕತೆಗಳನ್ನು ಧ್ವನಿಮುದ್ರಿಸಿಕೊಂಡಿದ್ದರು, ಅಪ್ಪ-ಮಗಳು ಇಬ್ಬರೂ ಸೇರಿ ಮುಪ್ಪಿನ ಬಗ್ಗೆ ಪುಸ್ತಕ ಮಾಡುವ ಆಸೆಯಿಂದ. ಮಾತಿಗೆ ಕೂರುವ ಹೊತ್ತಿಗೆ ಅಪ್ಪನ ನೆನಪು ಕೈಕೊಡತೊಡಗಿತ್ತು. ಎಷ್ಟೋ ವರ್ಷ ಆ ಧ್ವನಿಮುದ್ರಣವನ್ನು ಮುಟ್ಟದೆ ಇಟ್ಟಿದ್ದ ಲಿನ್, 2015ರಲ್ಲಿ ಅದನ್ನು ಬಳಸಿ ನಾರ್ವೇಜಿಯನ್ ಭಾಷೆಯಲ್ಲಿ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಮೂವರಿಗೂ ಹೆಸರಿಲ್ಲ. ಅಪ್ಪ, ಅಮ್ಮ, ಹುಡುಗಿ ಎಂದಷ್ಟೇ ಇದೆ.