ಅರ್ಹತೆಯ ಅಳತೆಗೋಲು ಯಾರ ಕೈಯಲ್ಲಿ?

ಕ್ರೀಡೆಯಲ್ಲಿ ಮೀಸಲಾತಿ ಸಲ್ಲದು ಎನ್ನುವವರ ವಾದ ಸರಳವಾದುದು. ಗಳಿಸಿದ ರನ್ನು, ಉರುಳಿಸಿದ ವಿಕೆಟ್ಟುಗಳೇ ಅಲ್ಲಿ ಪ್ರಮಾಣ. ಹುಟ್ಟಿಗೂ ಬಣ್ಣಕ್ಕೂ ಸ್ಥಾನವಿಲ್ಲ. ಈ ಮಾತನ್ನು ಒರೆಗೆ ಹಚ್ಚಲು ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಕ್ಕ ನಿದರ್ಶನ.

ವರ್ಣಭೇದ ನೀತಿಯ ಕಾಲದಲ್ಲಿ ಆ ದೇಶದ ತಂಡ ಬಿಳಿಯರಿಗೇ ಮೀಸಲಾಗಿತ್ತು. ಕೇಪ್‌ಟೌನಿನಲ್ಲಿ ಹುಟ್ಟಿದ ಬೇಸಿಲ್ ಡಿ'ಒಲಿವೆರಾ ಇಂಗ್ಲೆಂಡಿನ ಪರವಾಗಿ ಆಡಬೇಕಾಯಿತು. 1968ರಲ್ಲಿ ಅವರು ಇಂಗ್ಲೆಂಡ್ ತಂಡದೊಡನೆ ಬರುವುದನ್ನು ಅಲ್ಲಿನ ಸರಕಾರ ಒಪ್ಪದೆ ಪ್ರವಾಸವೇ ರದ್ದಾಯಿತು. ಎರಡು ದಶಕಗಳ ಬಹಿಷ್ಕಾರದ ಬಳಿಕ, 1991ರಲ್ಲಿ, ಆ ತಂಡ ಕಲಕತ್ತೆಯಲ್ಲಿ ಆಡಿ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಮರಳಿತು. ಕಾನೂನು ಬದಲಾದರೂ ಒಳ್ಳೆಯ ಮೈದಾನ, ತರಬೇತಿ, ಶಾಲೆಗಳು ಮೊದಲಿದ್ದವರ ಬಳಿಯಲ್ಲೇ ಉಳಿದವು. ಆದುದರಿಂದ 2016ರಲ್ಲಿ ಕ್ರಿಕೆಟ್ ಮಂಡಳಿ ಒಂದು ಗುರಿಯನ್ನು ಗೊತ್ತುಮಾಡಿತು: ಇಡೀ ಋತುವಿನ ಸರಾಸರಿಯಲ್ಲಿ ತಂಡದ ಆರು ಮಂದಿ ಬಿಳಿಯೇತರರಿರಬೇಕು, ಅವರಲ್ಲಿ ಇಬ್ಬರಾದರೂ ಕಪ್ಪು ಆಫ್ರಿಕನ್ನರಿರಬೇಕು.

ಇದಕ್ಕೆ ಬಂದ ಆಕ್ಷೇಪಗಳು ಹಗುರವಾದುವಲ್ಲ. 2002ರ ಸಿಡ್ನಿ ಟೆಸ್ಟಿಗೆ ಆಯ್ಕೆಗಾರರು ಆರಿಸಿದ್ದ ಜಾಕ್ ರುಡಾಲ್ಫ್ ಅವರನ್ನು ಮಂಡಳಿಯ ಅಧ್ಯಕ್ಷರು ಕೈಬಿಟ್ಟು ಜಸ್ಟಿನ್ ಆಂಟಾಂಗ್ ಅವರನ್ನು ಆಡಿಸಿದರು. ಹಿರಿಯರ ತಪ್ಪಿಗೆ ಒಬ್ಬ ತರುಣ ದಂಡ ತೆತ್ತನೆಂಬ ಮಾತು ಒಂದು ಕಡೆ; ಆಡಿದವನ ಹಣೆಗೂ 'ಕೋಟಾ' ಎಂಬ ಪಟ್ಟಿ ಅಂಟಿತೆಂಬ ನೋವು ಇನ್ನೊಂದು ಕಡೆ. ಆ ಪಟ್ಟಿಯನ್ನು ವರ್ಷಗಟ್ಟಲೆ ಹೊತ್ತ ತೆಂಬಾ ಬವುಮಾ ಅವರೇ 2025ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಾಯಕರಾಗಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪನ್ನು ಗೆದ್ದುಕೊಟ್ಟರು. ಒಂದು ಗೆಲುವಿನಿಂದ ನೀತಿಯ ಪ್ರಶ್ನೆ ಇತ್ಯರ್ಥವಾಗದು, ನಿಜ. ಆದರೆ ಅವಕಾಶ ದೊರೆಯದಿದ್ದರೆ ಅರ್ಹತೆ ಕಣ್ಣಿಗೆ ಬೀಳುವುದೇ ಇಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಮೀಸಲಾತಿಯ ಹೆಸರೇ ಇಲ್ಲದಿದ್ದ ಕಾಲದಲ್ಲಿ ಅರ್ಹತೆಗೆ ನ್ಯಾಯ ದೊರೆಯಿತೆ? ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಚಮ್ಮಾರ ಮನೆತನದವರು. ಪುಣೆಯಲ್ಲಿ ಅವರ ಚೆಂಡು ಮೇಲ್ಜಾತಿಯ ತಂಡಕ್ಕೆ ಬೇಕಾಗಿತ್ತು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದು ತಮ್ಮ ವಿಠ್ಠಲನಿಗೆ ದೊರೆತದ್ದು 1923ರಲ್ಲಿ. ಬರೆಯದ ಮೀಸಲಾತಿ ಆಗಲೂ ಇತ್ತು. ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ.

ಹಾಗೆಂದು ತಂಡದ ಪಟ್ಟಿಯಲ್ಲಿ ಅಂಕೆಯನ್ನು ತುಂಬಿದೊಡನೆ ನ್ಯಾಯ ಮುಗಿಯದು. ಕಗಿಸೊ ರಬಾಡ ಅವರಂಥವರು ಪಳಗಿದ್ದು ಅನುಕೂಲವಂತರ ಖಾಸಗಿ ಶಾಲೆಗಳಲ್ಲಿ. ಬಡ ಕೇರಿಯ ಹುಡುಗನಿಗೆ ಮೈದಾನ ಇನ್ನೂ ದೂರವೇ. ಮೇಲಿನ ಮೀಸಲಾತಿ ಕೆಳಗಿನ ಕೊರತೆಯನ್ನು ಮರೆಸುವ ಪರದೆಯಾಗಬಾರದು. ಕೇರಿಯ ಶಾಲೆಗೂ ಮೈದಾನ ದಕ್ಕಿದ ದಿನ ಅಂಕೆಯ ಅಗತ್ಯ ತಾನಾಗಿ ತೀರುತ್ತದೆ; ಅಲ್ಲಿಯವರೆಗೆ ಅದನ್ನು ಅನ್ಯಾಯವೆನ್ನುವುದು ಅವಸರದ ಮಾತು.