ಕಷ್ಟಕಾಲದ ನಿತ್ಯಸಂತೋಷ: ವೈದ್ಯನೊಬ್ಬನ ದೃಷ್ಟಿಯಲ್ಲಿ



2020ರ ಯುಗಾದಿ ಮಾರ್ಚ್ 25ರಂದು ಬಂದಿತ್ತು. ಭಾರತದಲ್ಲಿ ಲಾಕ್‌ಡೌನ್ ಆರಂಭವಾದದ್ದೂ ಅಂದೇ. ಇಲ್ಲಿ ವಾಷಿಂಗ್ಟನ್ನಿನ ಚೆರ್ರಿ ಮರಗಳು ಎಂದಿನಂತೆ ಹೂಬಿಟ್ಟಿದ್ದವು, ಹೋಗಿ ನೋಡುವಂತಿರಲಿಲ್ಲ. ಅಟ್ಲಾಂಟದಲ್ಲಾಗಲಿ ಕೆರೊಲಿನಾಗಳಲ್ಲಾಗಲಿ ನಾವು ಒಟ್ಟುಗೂಡಿ ಬೇವುಬೆಲ್ಲ ತಿನ್ನುವ ಸ್ಥಿತಿಯೂ ಇರಲಿಲ್ಲ. ಆ ದಿನಗಳಲ್ಲಿ ನನ್ನ ಸ್ನೇಹಿತರೊಬ್ಬರ ತಾಯಿ, ಪತಿ ತೀರಿಕೊಂಡ ಮೇಲೆ ಮಗನ ಜೊತೆ ವರ್ಜೀನಿಯಾದಲ್ಲಿ ನೆಲೆಸಿದವರು, ದೂರವಾಣಿಯಲ್ಲಿ ಹೇಳಿದರು: “ಡಾಕ್ಟರೇ, ಮೈಗೇನೂ ಆಗಿಲ್ಲ. ಯಾವುದೂ ರುಚಿಸುವುದಿಲ್ಲ, ಅಷ್ಟೆ. ಮನಸ್ಸು ಬಂದಾಗ ಎಲ್ಲ ಮಾಡುತ್ತೇನೆ.”

ಆ ಕೊನೆಯ ಮಾತನ್ನು ಕುರಿತೇ ನಾನು ಇಂದು ಮಾತನಾಡಬೇಕೆಂದಿದ್ದೇನೆ.

ಮೊದಲು ಮನಸ್ಸು, ಆಮೇಲೆ ಕೆಲಸ ಎಂದು ನಾವೆಲ್ಲರೂ ನಂಬಿದ್ದೇವೆ. ಖಿನ್ನತೆಯಲ್ಲಿ ಈ ನಂಬಿಕೆಯೇ ಬಲೆಯಾಗುತ್ತದೆ. ನೊಂದವರು ಅಡುಗೆ, ತಿರುಗಾಟ, ಹರಟೆಗಳನ್ನು ಒಂದೊಂದಾಗಿ ಬಿಡುತ್ತಾರೆ. ಬಿಟ್ಟಷ್ಟೂ ಸಂತೋಷ ದೊರೆಯುವ ಸಂದರ್ಭಗಳು ಕಡಿಮೆಯಾಗುತ್ತವೆ. ಅವು ಕಡಿಮೆಯಾದಷ್ಟೂ ಮನಸ್ಸು ಮತ್ತಷ್ಟು ಕುಗ್ಗುತ್ತದೆ. 1970ರ ದಶಕದಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ ಈ ಸುಳಿಯನ್ನು ವಿವರಿಸಿದರು. ಮನಸ್ಸಿಗೆ ಹಿತವೆನಿಸಬಲ್ಲ 320 ಸಂಗತಿಗಳ ಒಂದು ಪಟ್ಟಿಯನ್ನೂ ಸಹೋದ್ಯೋಗಿಯೊಡನೆ ಸಿದ್ಧಪಡಿಸಿದರು. ಇದರಿಂದ ಬೆಳೆದ ಚಿಕಿತ್ಸೆಯ ಕ್ರಮ ಸರಳ. ಮನಸ್ಸು ಬರಲೆಂದು ಕಾಯದೆ, ಗೊತ್ತುಮಾಡಿದ ಹೊತ್ತಿಗೆ ಗೊತ್ತುಮಾಡಿದ ಸಣ್ಣ ಕೆಲಸವನ್ನು ಮಾಡಬೇಕು. ಬಳಿಕ ಹೇಗೆನಿಸಿತೆಂದು ಬರೆದಿಡಬೇಕು.

ಇದೇನು ಅಜ್ಜಿಯ ಬುದ್ಧಿವಾದ ಎನ್ನುವಿರಾದರೆ, ತರಬೇತಿಯ ಕಾಲದಲ್ಲಿ ನಾನೂ ಹಾಗೆಯೇ ನಕ್ಕವನು. ಆದರೆ ಕರ್ನಾಟಕದ ಮಗ್ಗುಲಲ್ಲೇ ಇರುವ ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ತೀವ್ರ ಖಿನ್ನತೆಯಿದ್ದ 495 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಈ ಕ್ರಮವನ್ನೂ ಕಲಿಸಲಾಯಿತು. ಕಲಿಸಿದವರು ಮನೋವೈದ್ಯರಲ್ಲ, ಇದಕ್ಕಾಗಿಯೇ ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು ಅವರಲ್ಲಿ ಶೇಕಡ 64, ಉಳಿದವರಲ್ಲಿ ಶೇಕಡ 39. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಈ ವರದಿ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ನಾನು ನಗಲಿಲ್ಲ.

ಸಾವು, ಉದ್ಯೋಗನಷ್ಟ, ವೀಸಾದ ಆತಂಕ ಇವೆಲ್ಲ ನಿಜವಾದ ಕಷ್ಟಗಳಲ್ಲವೇ ಎಂದು ಕೇಳಬಹುದು. ನಿಜವೇ. ಅವು ತೀರಿದ ಮೇಲೆ ಸಂತೋಷ ಎನ್ನುವ ಲೆಕ್ಕ ಮಾತ್ರ ತಪ್ಪು. ಬೇಂದ್ರೆಯವರನ್ನು ನೆನೆಯಿರಿ. ಹಲವು ಮಕ್ಕಳನ್ನು ಕಳೆದುಕೊಂಡವರು. ‘ನರಬಲಿ’ ಕವಿತೆಗಾಗಿ 1932ರಲ್ಲಿ ಸೆರೆಮನೆ ಕಂಡವರು. ಆ ಬಳಿಕ ನೆಲೆಯಾದ ಉದ್ಯೋಗಕ್ಕಾಗಿ ಬಹುಕಾಲ ಅಲೆದವರು. 1937ರಲ್ಲಿ ಪ್ರಕಟವಾದ ಅವರ ‘ಸಖೀಗೀತ’ದಲ್ಲಿ ದಾಂಪತ್ಯದ ನೋವೂ ನಲಿವೂ ಒಂದೇ ನೇಯ್ಗೆಯಲ್ಲಿವೆ. ಕವಿಯ ಶಕ್ತಿ ನಮಗೆಲ್ಲಿಂದ ಬರಬೇಕು! ಆದರೂ ಆ ನೇಯ್ಗೆ ಕವಿಗಳಿಗೆ ಮಾತ್ರ ಮೀಸಲಲ್ಲ.

ವೈದ್ಯನಾಗಿ ಒಂದು ಎಚ್ಚರಿಕೆ. ನಿದ್ರೆ, ಹಸಿವು ಎರಡು ವಾರಗಳಿಂದ ಕೆಟ್ಟಿದ್ದರೆ ಪಟ್ಟಿ ಬರೆಯುತ್ತಾ ಕೂರದೆ ವೈದ್ಯರನ್ನು ಕಾಣಿರಿ. ಔಷಧ ಬೇಕಾದವರಿಗೆ ಔಷಧವೇ ಬೇಕು. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಸಹಾಯ ಕೇಳಿರಿ. 2022ರ ಜುಲೈಯಿಂದ ಈ ದೇಶದ ಯಾವ ಮೂಲೆಯಿಂದಲೂ 988ಕ್ಕೆ ಕರೆ ಮಾಡಬಹುದು. “ಜನ ಏನೆಂದಾರು” ಎಂಬ ನಮ್ಮವರ ಸಂಕೋಚದಿಂದ ಆಗುವ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ತಾಯಿಗೆ ಗೊತ್ತುಮಾಡಿದ್ದು ಎರಡೇ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಬಳಿಯ ಕರಿಬೇವಿನ ಕುಂಡಕ್ಕೆ ನೀರು. ರಾತ್ರಿ ಎಂಟೂವರೆಗೆ, ಅಂದರೆ ಊರಿನ ಬೆಳಗಿನ ಆರಕ್ಕೆ, ತಂಗಿಗೆ ಫೋನು. ಮೊದಲ ವಾರ ಅವರ ಪುಸ್ತಕದಲ್ಲಿ ಏಳು ಸಲವೂ “ಬೇಸರ” ಎಂದಿತ್ತು. ಎರಡನೆಯ ವಾರದ ಒಂದು ದಿನ “ಎರಡು ಚಿಗುರು” ಎಂದಿತ್ತು. ಮೂರನೆಯ ವಾರ ಮಗ ಮಾಡಿದ ಸಾರು ಬಾಯಿಗಿಡುವಂತಿಲ್ಲವೆಂದು ಅದೇ ಗಿಡದಿಂದ ಒಂದು ಎಸಳು ಕಿತ್ತು ತಾವೇ ಒಗ್ಗರಣೆ ಹಾಕಿದರಂತೆ.