ಸೂತ್ರ ಗೊತ್ತಿತ್ತು, ಲೆಕ್ಕ ಹಾಕಲಿಲ್ಲ

ರಜೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿ ಹತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೆ. ಲ್ಯಾಪ್‌ಟಾಪ್ ರಿಪೇರಿಗೆಂದು ಇಟ್ಟ ದುಡ್ಡು. ಆಗ ಹಾಸ್ಟೆಲ್ ಗೆಳೆಯ, ‘ಬ್ಯಾಂಕಲ್ಲಿ ಸುಮ್ನೆ ಯಾಕೋ ಇಡ್ತೀಯಾ? ಲಿಕ್ವಿಡಿಟಿ ಪೂಲ್‌ಗೆ ಹಾಕು, ದಿನಾ ಕಮಿಷನ್ ಬರುತ್ತೆ’ ಅಂದ.

ಕೆಲಸ ಕಳೆದುಕೊಂಡಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಹೇಡನ್ ಆಡಮ್ಸ್ 2018ರಲ್ಲಿ ಶುರು ಮಾಡಿದ ಯುನಿಸ್ವಾಪ್‌ನಿಂದ ಈ ಪೂಲ್‌ಗಳು ಹೆಸರಾದವು. ಇಲ್ಲಿ ದಲ್ಲಾಳಿ ಇಲ್ಲ, ದರ ಕೂಗುವವರಿಲ್ಲ. ಎರಡು ಬಗೆಯ ಕ್ರಿಪ್ಟೊ ಒಂದೇ ಪೂಲ್‌ನಲ್ಲಿರುತ್ತವೆ. ಎರಡರ ಪ್ರಮಾಣವನ್ನು ಗುಣಿಸಿದರೆ ಬರುವ ಗುಣಲಬ್ಧ ಬದಲಾಗಬಾರದು. ಸೂತ್ರ ಇಷ್ಟೇ.

ತೆಂಗಿನಕಾಯಿ ಲೆಕ್ಕದಲ್ಲಿ ನೋಡೋಣ. ಪೂಲ್‌ನಲ್ಲಿ 100 ಕಾಯಿ, 10,000 ರೂಪಾಯಿ ಇವೆ. ಗುಣಲಬ್ಧ 10 ಲಕ್ಷ. ನೀವು 20 ಕಾಯಿ ಒಯ್ದರೆ ಉಳಿಯುವುದು 80. ಗುಣಲಬ್ಧ ಹಾಗೇ ಇರಬೇಕಾದರೆ ಪೂಲ್‌ನಲ್ಲಿ 12,500 ರೂಪಾಯಿ ಇರಬೇಕು. ಅಂದರೆ ನೀವು ಕೊಡಬೇಕಾದ್ದು 2,500. ಕಾಯಿಗೆ 125 ರೂಪಾಯಿ. ಐವತ್ತು ಬೇಕೆಂದರೆ ಕಾಯಿಗೆ 200! ಹೆಚ್ಚು ಕೇಳಿದಷ್ಟೂ ದರ ಏರುತ್ತದೆ. ಪಿಯುಸಿಯಲ್ಲಿ ಬಿಡಿಸಿದ್ದ ಅತಿಪರವಲಯವೇ ಇದು.

ಯುನಿಸ್ವಾಪ್‌ನ ಮೊದಲ ಆವೃತ್ತಿಗಳಲ್ಲಿ ಪ್ರತಿ ವಹಿವಾಟಿನ ಶೇ 0.3ರಷ್ಟು ಶುಲ್ಕ ಪೂಲ್‌ಗೆ ಹಣ ಹಾಕಿದವರಿಗೆ ಸೇರುತ್ತಿತ್ತು. ಇಂಥದ್ದೇ ಒಂದು ಪೂಲ್‌ಗೆ ನಾನು 100 ರೂಪಾಯಿ ಬೆಲೆಯ 50 ನಾಣ್ಯ ಹಾಗೂ 5,000 ರೂಪಾಯಿ ಮೌಲ್ಯದ ಡಾಲರ್ ನಾಣ್ಯ ಹಾಕಿದೆ.

ಕೆಲವೇ ವಾರಗಳಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ಆ ನಾಣ್ಯ 25 ರೂಪಾಯಿಗೆ ಕುಸಿಯಿತು. ಪೂಲ್‌ನ ದರ ತಾನಾಗಿಯೇ ಇಳಿಯುವುದಿಲ್ಲ. ವ್ಯಾಪಾರಿಗಳು ಹೊರಗೆ ಅಗ್ಗಕ್ಕೆ ಕೊಂಡ ನಾಣ್ಯವನ್ನು ಪೂಲ್‌ಗೆ ಸುರಿದು, ಡಾಲರ್ ನಾಣ್ಯ ಒಯ್ಯುತ್ತಾರೆ. ಎರಡೂ ದರ ಸಮವಾಗುವವರೆಗೆ ಇದು ನಡೆಯುತ್ತದೆ. ಕೊನೆಗೆ ನನ್ನ ಪಾಲಿಗೆ ಬೆಲೆ ಬಿದ್ದ ನಾಣ್ಯ 100 ಆದವು, ಡಾಲರ್ ನಾಣ್ಯ 2,500 ರೂಪಾಯಿಯಷ್ಟು ಉಳಿಯಿತು. ಒಟ್ಟು 5,000. ಏನೂ ಮಾಡದೆ ಕೈಯಲ್ಲೇ ಇಟ್ಟುಕೊಂಡಿದ್ದರೆ 6,250 ಇರುತ್ತಿತ್ತು. ಕಮಿಷನ್ ಬಂದದ್ದು ಇನ್ನೂರು ರೂಪಾಯಿಯೂ ಇಲ್ಲ.

ಇದನ್ನು ‘ಇಂಪರ್ಮನೆಂಟ್ ಲಾಸ್’, ಅಂದರೆ ತಾತ್ಕಾಲಿಕ ನಷ್ಟ ಎನ್ನುತ್ತಾರೆ. ದರ ಮೊದಲಿನ ಮಟ್ಟಕ್ಕೆ ಮರಳಿದರೆ ಅದು ಅಳಿಯುತ್ತದಂತೆ. ನನಗೆ ಕಾಯುವ ಧೈರ್ಯ ಇರಲಿಲ್ಲ, ಹಣ ತೆಗೆದೆ. ನಷ್ಟ ಖಾಯಂ ಆಯಿತು. ಬೆಲೆ ನಾಲ್ಕು ಪಟ್ಟು ಏರಿದ್ದರೂ, ಕೈಯಲ್ಲಿಟ್ಟುಕೊಂಡವರಿಗಿಂತ ನನಗೆ ಶೇ 20ರಷ್ಟು ಕಡಿಮೆಯೇ ಸಿಗುತ್ತಿತ್ತು ಎಂಬುದು ಆಮೇಲೆ ಹೊಳೆಯಿತು.

‘ರಿಪೇರಿ ಮಾಡಿಸಿದ್ಯೇನೋ?’ ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ‘ಎಂಜಿನಿಯರಿಂಗ್ ಓದೋನು ಮೊದಲೇ ಲೆಕ್ಕ ಹಾಕಬಾರದಿತ್ತಾ?’ ಎಂದರು. ಉತ್ತರ ಇರಲಿಲ್ಲ. ಆ ಲೆಕ್ಕಕ್ಕೆ ಬೇಕಾದದ್ದು ಹತ್ತು ನಿಮಿಷ, ಒಂದು ಹಾಳೆ. ಲ್ಯಾಪ್‌ಟಾಪ್ ಮಾತ್ರ ಇಂದಿಗೂ ಚಾರ್ಜರ್ ಕಿತ್ತರೆ ಆರಿಹೋಗುತ್ತದೆ.